ಎರೆನೆಲಕ್ಕೆ ಬಿತ್ತಿದ ದುಡ್ಡು

ಆಂಧ್ರದ ಆಲೂರು, ಆಸ್ಪರಿ, ಆದೋನಿ ಕಡೆಯ ಎರೆ ಹೊಲದಲ್ಲಿ ಹಿಂಗಾರಿ ಬೆಳೆ ನಿಲ್ಲುವುದು ನೆಲದೊಳಗಿನ ಹಸಿಯ ಮೇಲೆ. ಭಾದ್ರಪದದ ಮಳೆ ಎಷ್ಟು ಇಳಿಯಿತೋ ಅಷ್ಟೇ ಬಂಡವಾಳ. ಬಿಳಿಜೋಳವಾಗಲಿ ಕಡಲೆಯಾಗಲಿ ಅದನ್ನೇ ಕುಡಿದು ಕಾಳು ಕಟ್ಟಬೇಕು. ಆದರೆ ಈ ಮಣ್ಣು ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರಿಯುತ್ತದೆ, ನೆನೆದೊಡನೆ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಬಂದ ಜೋರು ಮಳೆ ಮೇಲ್ಮಣ್ಣನ್ನೂ ಹೊತ್ತುಕೊಂಡು ಹಳ್ಳ ಸೇರುತ್ತದೆ. ನೀರನ್ನು ಹೆಚ್ಚು ಹಿಡಿದಿಡಬಲ್ಲ ನೆಲವೇ ನೀರನ್ನು ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುವುದು! ಈ ಒಗಟನ್ನು ಮಣ್ಣು ಬಲ್ಲವನೊಬ್ಬನೇ ಬಿಡಿಸಲಾರ. ಮಳೆ ಅಳೆಯುವವನು, ಬೇರು ನೋಡುವವನು, ಬೇಸಾಯ ಬಲ್ಲವನು ಒಂದೇ ಹೊಲದಲ್ಲಿ ನಿಲ್ಲಬೇಕು. ಹಾಗೆ ನಿಲ್ಲಿಸಲು ದುಡ್ಡು ಬೇಕು.

ಆ ದುಡ್ಡು ಬಂದದ್ದು ತಡವಾಗಿ. 1876–78ರ ಧಾತು ಈಶ್ವರ ಬರದಲ್ಲಿ ಈ ಸೀಮೆ ಜನ, ದನ ಎರಡನ್ನೂ ಕಳೆದುಕೊಂಡಿತ್ತು. ಆಗ ಆದೋನಿ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಬಳ್ಳಾರಿಯ ಪಕ್ಕದ ಹಗರಿಯಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆದದ್ದು 1906ರಲ್ಲಿ. ಮೊದಲ ಚಿಂತೆ ಹತ್ತಿಯದು. ಬಳ್ಳಾರಿ, ಆದೋನಿಗಳ ಅರಳೆಗೆ ವ್ಯಾಪಾರಿಗಳು ‘ವೆಸ್ಟರ್ನ್ಸ್’ ಎಂದೇ ಹೆಸರಿಟ್ಟಿದ್ದರು. 1923ರ ಹತ್ತಿ ಸೆಸ್ ಕಾಯ್ದೆ ಬಂದಮೇಲೆ ಮೂಟೆಯ ಲೆಕ್ಕದಲ್ಲಿ ಎತ್ತಿದ ಸುಂಕವೇ ಹತ್ತಿಯ ಸಂಶೋಧನೆಗೆ ಹೋಗತೊಡಗಿತು. ಬೆಳೆಯ ದುಡ್ಡು ಬೆಳೆಗೇ ಮರಳುವ ಆ ಏರ್ಪಾಡು ನನಗೆ ಇಂದಿಗೂ ಇಷ್ಟ.

ಹಸಿಯ ಸರದಿ ಬಂದದ್ದು ಆಮೇಲೆ. ರಾಯಲ್ ಕೃಷಿ ಆಯೋಗದ ಶಿಫಾರಸಿನ ಮೇರೆಗೆ 1929ರಲ್ಲಿ ಹುಟ್ಟಿದ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿ, 1930ರ ದಶಕದ ನಡುವಿನೊಳಗೆ ಸೊಲ್ಲಾಪುರ, ಬಿಜಾಪುರ, ರಾಯಚೂರು, ಹಗರಿ, ರೋಹ್ಟಕ್‌ಗಳಲ್ಲಿ ಒಣಬೇಸಾಯದ ಸಂಶೋಧನೆಗೆ ಹಣ ಕೊಟ್ಟಿತು. ಐದರಲ್ಲಿ ಮೂರು ಇಂದಿನ ಕರ್ನಾಟಕದವು. ಕೆಲಸ ಹೆಚ್ಚುಕಡಿಮೆ ಹತ್ತು ವರ್ಷ ನಡೆಯಿತು. ಆ ಹತ್ತು ವರ್ಷವೇ ದೊಡ್ಡದು. ಮಳೆ ಒಂದು ವರ್ಷ ಒಂದು ಮಾತು ಹೇಳಿ, ಮರುವರ್ಷ ಇನ್ನೊಂದು ಹೇಳುವ ಸೀಮೆಯಲ್ಲಿ ಮೂರು ವರ್ಷದ ಅನುದಾನ ಎಲ್ಲಿಗೂ ಮುಟ್ಟುವುದಿಲ್ಲ. ಹೊಲವನ್ನು ಸಣ್ಣ ಸಣ್ಣ ಮಡಿಗಳಾಗಿ ಕಟ್ಟಿ ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವುದು, ಬೀಜದ ಪ್ರಮಾಣ ಇಳಿಸಿ ಸಾಲು ಅಗಲ ಮಾಡುವುದು, ಕುಂಟೆ ಹೊಡೆದು ಹಸಿ ಉಳಿಸುವುದು: ಇಂಥ ಪಾಠಗಳು ಆ ಕಾಲದವು. 1944ರಲ್ಲಿ ಕೃಷಿ ವಿಜ್ಞಾನಿ ಕಾನಿಟ್ಕರ್ ಅವರು ಒಣಬೇಸಾಯವನ್ನು ಕುರಿತು ಒಂದು ಪುಸ್ತಕವನ್ನೇ ಬರೆದರು.

1953ರ ಅಕ್ಟೋಬರ್ 1ರಂದು ಈ ಸೀಮೆಯ ನಡುವೆ ರಾಜ್ಯದ ಗೆರೆ ಬಿತ್ತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ. ಬಳ್ಳಾರಿಯೂ ಹಗರಿಯೂ ಮೈಸೂರಿಗೆ. ಮರುವರ್ಷ ಬಳ್ಳಾರಿಯಲ್ಲಿ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರ ಶುರುವಾಯಿತು. ಕೆಂಪು ಮಸಾರಿಯಲ್ಲಿ ಒಗ್ಗಿದ ಸಮಪಾತಳಿ ಬದು ಆಳವಾದ ಎರೆಯಲ್ಲಿ ನಿಲ್ಲದು, ನೀರು ಮಡುಗಟ್ಟಿ ಬೆಳೆ ಕೊಳೆಯುತ್ತದೆ, ಬಿರುಕಿನಲ್ಲಿ ಬದುವೇ ಒಡೆಯುತ್ತದೆ ಎಂದು ಅಲ್ಲಿ ಕಂಡುಕೊಂಡರು. ಹೆಚ್ಚಾದ ನೀರನ್ನು ಮೆಲ್ಲಗೆ ಹೊರಗೆ ಬಿಡುವ ಇಳಿಜಾರು ಬದು ಆ ಸೋಲಿನಿಂದ ಕಲಿತದ್ದು. 1970ರಲ್ಲಿ ಅಖಿಲ ಭಾರತ ಒಣಬೇಸಾಯ ಯೋಜನೆ ಕೆನಡಾದ ನೆರವಿನೊಡನೆ ಆರಂಭವಾದಾಗ ಬಳ್ಳಾರಿ, ಬಿಜಾಪುರ, ಅನಂತಪುರಗಳೂ ಅದರಲ್ಲಿದ್ದವು. ಹಗರಿ ಈಗ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೇಂದ್ರ.

ಗೆರೆಯ ಆಚೆ ಇರುವುದೂ ಅದೇ ಎರೆ. ಹಿಂಗಾರು ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ ಕಡೆಯ ಮಂದಿ ಮನೆಗೆ ಬೀಗ ಹಾಕಿ, ಮಕ್ಕಳನ್ನು ಕರೆದುಕೊಂಡು ಗುಂಟೂರಿನ ಮೆಣಸಿನಕಾಯಿ ಹೊಲಗಳಿಗೆ ದುಡಿಯಲು ಹೋಗುತ್ತಾರೆ. ಎರಡೂ ರಾಜ್ಯಗಳ ಕೃಷಿ ವಿಶ್ವವಿದ್ಯಾಲಯಗಳು ಕೂಡಿ ಮಣ್ಣು, ಮಳೆ, ಬೆಳೆ, ವಲಸೆ ನಾಲ್ಕನ್ನೂ ಒಟ್ಟಿಗೆ ನೋಡುವ ಒಂದು ಕೆಲಸಕ್ಕೆ ಬೀಜಧನ ಇಡಲಿ ಎಂಬುದು ನನ್ನ ಆಸೆ. ಅವಧಿ ಹತ್ತು ವರ್ಷಕ್ಕೆ ಕಡಿಮೆ ಬೇಡ. ಮೊದಲ ಹೊಲ ಹಾಲಹರ್ವಿ ಕಡೆ ಇರಲಿ. ಹಗರಿ ಹೊಳೆ ಅಲ್ಲೂ ಹರಿಯುತ್ತದೆ, ಹದ ನೋಡುವ ರೈತ ಅಲ್ಲೂ ಕನ್ನಡದಲ್ಲೇ ಮಾತಾಡುತ್ತಾನೆ.