ವಿಜಯಪುರ ಸೀಮೆಯ ಮಡ್ಡಿನೆಲವೂ ಅದರ ಸುಣ್ಣವೂ

ಚಡಚಣದಿಂದ ಹೊರಟು ಇಂಡಿ, ಸಿಂದಗಿಗಳನ್ನು ಹಾದು ಬಸವನ ಬಾಗೇವಾಡಿ, ಮುದ್ದೇಬಿಹಾಳಗಳವರೆಗೆ ಹೋಗುವವನ ಕಣ್ಣಿಗೆ ಮೊದಲು ಬೀಳುವುದು ಮರಗಳು ವಿರಳವಾದ, ಅಲೆಯಲೆಯಾಗಿ ಏರಿಳಿಯುವ ಬಯಲು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಈ ಹೊಳೆಗಳ ನಡುವಣ ದಿನ್ನೆಯ ತೆಳುನೆಲವನ್ನು ಜನರು ಮಡ್ಡಿಯೆಂದೂ, ತಗ್ಗಿನ ಆಳವಾದ ಕಪ್ಪುನೆಲವನ್ನು ಎರೆಯೆಂದೂ ಕರೆಯುವರು. ಎರಡರಲ್ಲಿಯೂ ಅಗೆದಲ್ಲಿ ಬಿಳಿಯ ಸುಣ್ಣದ ಹರಳುಗಳು ದೊರೆಯುವುದು ಸಾಮಾನ್ಯ. ಇದನ್ನು ಕಂಡು ಈ ಸೀಮೆಯ ನೆಲವೆಲ್ಲವೂ ಸುಣ್ಣಶಿಲೆಯ ಮೇಲೆಯೇ ಹುಟ್ಟಿತೆಂದು ತಿಳಿಯುವವರುಂಟು. ಆ ತಿಳಿವಳಿಕೆಯು ಒಂದು ಭಾಗಕ್ಕೆ ಮಾತ್ರ ಸಲ್ಲುವುದು. ಬಾವಿ ತೋಡುವವನಿಗೂ ತೋಟ ಹಾಕುವವನಿಗೂ ಈ ಭೇದವು ಹಣದ ಮಾತಾದುದರಿಂದ ಅದನ್ನು ವಿಚಾರಿಸಿ ನೋಡುವುದು ಯೋಗ್ಯವಾಗಿದೆ.

ಚಡಚಣ, ಇಂಡಿಗಳ ಅಡಿಯಲ್ಲಿರುವುದು ಸುಣ್ಣಶಿಲೆಯಲ್ಲ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊರಹರಿದು ಪದರಪದರವಾಗಿ ಹೆಪ್ಪುಗಟ್ಟಿದ ಕರಿಯ ಅಗ್ನಿಶಿಲೆ. ದಖ್ಖನಿನ ಈ ಶಿಲಾಸ್ತರವು ದಕ್ಷಿಣಕ್ಕೂ ಆಗ್ನೇಯಕ್ಕೂ ಸಾಗಿದಂತೆ ತೆಳುವಾಗಿ ಮುಗಿದುಹೋಗುವುದು. ಅದು ಮುಗಿದಲ್ಲಿ, ತಾಳಿಕೋಟೆಯ ಸುತ್ತಮುತ್ತ, ಅದಕ್ಕಿಂತ ಬಹು ಪ್ರಾಚೀನವಾದ ಸುಣ್ಣಶಿಲೆಯು ಬೆಳಕು ಕಾಣುವುದು. ಭೂಗರ್ಭಶಾಸ್ತ್ರಜ್ಞರು ಇದನ್ನು ಭೀಮಾ ಶಿಲಾಸಮೂಹದಲ್ಲಿ ಸೇರಿಸಿರುವರು. ಶಹಾಬಾದದ ಕಲ್ಲೂ ಇದೇ ಕುಲದ್ದು. ಹಲಗೆಗಳಂತೆ ಸೀಳಿ ಬರುವ ಈ ಹಾಸುಗಲ್ಲಿಗೆ ಜನರು ಫರಸಿಯೆನ್ನುವರು. ಮನೆಯ ನೆಲಕ್ಕೂ ಅಂಗಳಕ್ಕೂ ಅದೇ. ಈ ಪ್ರಾಂತದ ಶಿಲೆಗಳನ್ನು ರಾಬರ್ಟ್ ಬ್ರೂಸ್ ಫೂಟನು ಪರಿಶೀಲಿಸಿ ಬರೆದ ವಿಸ್ತಾರವಾದ ವರದಿಯು ೧೮೭೬ರಲ್ಲಿ ಪ್ರಕಟವಾಯಿತು.

ಹಾಗಾದರೆ ಸುಣ್ಣಶಿಲೆಯೇ ಇಲ್ಲದ ಚಡಚಣದ ಹೊಲದಲ್ಲಿ ಸುಣ್ಣವು ಎಲ್ಲಿಂದ ಬಂದಿತು? ಕರಿಯ ಅಗ್ನಿಶಿಲೆಯ ಖನಿಜಗಳಲ್ಲಿಯೇ ಸುಣ್ಣದ ಮೂಲಧಾತುವು ಅಡಗಿದೆ. ಮಳೆಯ ನೀರು ಗಾಳಿಯಿಂದಲೂ ಬೇರುಗಳ ಉಸಿರಿನಿಂದಲೂ ಅಂಗಾರಾಮ್ಲವನ್ನು ಹೀರಿಕೊಂಡು ಶಿಲೆಯನ್ನು ಮೆಲ್ಲಮೆಲ್ಲನೆ ಕರಗಿಸುವುದು. ಮಳೆ ಹೆಚ್ಚಾದ ಮಲೆನಾಡಿನಲ್ಲಾದರೆ ಹೀಗೆ ಬಿಡುಗಡೆಯಾದ ಸುಣ್ಣವು ತೊಳೆದು ಹೊಳೆ ಸೇರುವುದು. ವರ್ಷಕ್ಕೆ ಸುಮಾರು ೬೦೦ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಈ ಸೀಮೆಯಲ್ಲಿ ನೀರು ನಾಲ್ಕಾರು ಅಡಿ ಇಳಿಯುವಷ್ಟರಲ್ಲಿ ಬಿಸಿಲಿಗೆ ಆರಿಹೋಗುವುದರಿಂದ ಸುಣ್ಣವು ಅಲ್ಲಿಯೇ ಹರಳುಗಟ್ಟಿ ನಿಲ್ಲುವುದು. ಎಂದರೆ ಇಲ್ಲಿಯ ಹರಳು ತಳದ ಬಂಡೆಯ ಚೂರಲ್ಲ, ಹವೆಯ ಬರವಣಿಗೆ.

ತಾಳಿಕೋಟೆಯ ಕಡೆಯಲ್ಲಿ ಕಥೆಯೇ ಬೇರೆ. ಸುಣ್ಣಶಿಲೆಯು ಕರಗುವಾಗ ತನ್ನ ಬಹುಭಾಗವನ್ನು ನೀರಿಗೆ ಒಪ್ಪಿಸಿಬಿಡುವುದು. ಮಣ್ಣಾಗಿ ಉಳಿಯುವುದು ಅದರೊಳಗಿನ ಜೇಡಿ ಮೊದಲಾದ ಕಲ್ಮಷ ಮಾತ್ರ. ಆದಕಾರಣ ಒಂದು ಗೇಣು ಮಣ್ಣು ಕೂಡಬೇಕಾದರೆ ಬಹಳ ದಪ್ಪದ ಕಲ್ಲು ಸವೆಯಬೇಕು. ದಿನ್ನೆಯ ಮೇಲೆ ಮಣ್ಣು ತೆಳುವಾಗಿಯೇ ಉಳಿಯುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಭೇದವು ರೈತನಿಗೆ ಹೆಚ್ಚು ಮುಖ್ಯವಾದುದು. ಕರಿಯ ಶಿಲೆಯು ಮೊದಲು ಗರಸಾಗಿ, ಬಳಿಕ ಮಣ್ಣಾಗುವುದು. ಗರಸಿನೊಳಗೆ ಬೇರು ಇಳಿಯಬಲ್ಲದು, ಸ್ವಲ್ಪ ನೀರೂ ನಿಲ್ಲಬಲ್ಲದು. ಸುಣ್ಣದ ಹಾಸುಗಲ್ಲಿನ ಮೇಲಾದರೋ ಮಣ್ಣು ಮುಗಿದೊಡನೆ ಗಟ್ಟಿ ಕಲ್ಲು. ಸಂದುಗಳು ಸಿಕ್ಕಲ್ಲಿ ಮಾತ್ರ ಬೇರಿಗೆ ದಾರಿ. ಒಂದೇ ಆಳದ ಎರಡು ಮಡ್ಡಿಹೊಲಗಳು ಮಳೆ ತಪ್ಪಿದ ವರ್ಷದಲ್ಲಿ ಒಂದೇ ಫಲವನ್ನು ಕೊಡಲಾರವು.

ಡೋಣಿಯ ತಗ್ಗಿನಲ್ಲಿ ಮಾತ್ರ ಅಡಿಯ ಕಲ್ಲನ್ನು ನೋಡಿ ಮಣ್ಣಿನ ಗುಣವನ್ನು ಹೇಳಲಾಗದು. ಅಲ್ಲಿಯ ಆಳವಾದ ಎರೆಯು ಮೇಲಿನ ದಿನ್ನೆಗಳಿಂದ ತೊಳೆದು ಬಂದು ಕೂಡಿದುದು. ಕೆಳಗೆ ಸುಣ್ಣಶಿಲೆಯಿದ್ದರೂ ಮೇಲಿನ ಮಣ್ಣು ಅಗ್ನಿಶಿಲೆಯ ಸಂತಾನವಾಗಿರಬಹುದು. ಡೋಣಿ ಹರಿದ ವರ್ಷ ಓಣಿಯೆಲ್ಲ ಕಾಳಾಗುವುದೆಂಬ ಜನರ ನಂಬಿಕೆಯು ಈ ಎರೆಯನ್ನು ಕುರಿತದ್ದು.

ಎರೆಯ ಕಪ್ಪನ್ನು ನೋಡಿ ಅದರಲ್ಲಿ ಕೊಳೆತ ಸೊಪ್ಪುಸದೆಯ ಸತ್ತ್ವವು ಅಪಾರವೆಂದು ಭಾವಿಸುವುದುಂಟು. ವಾಸ್ತವವಾಗಿ ಅದು ನೂರಕ್ಕೆ ಒಂದು ಪಾಲನ್ನು ಮೀರುವುದು ವಿರಳ. ಅಲ್ಪವಾದ ಆ ಸತ್ತ್ವವು ಜೇಡಿಯೊಡನೆ ಬಿಗಿಯಾಗಿ ಕೂಡಿಕೊಂಡಿರುವುದರಿಂದಲೇ ಬಣ್ಣ ಗಾಢವಾಗಿ ತೋರುವುದು. ಎರೆಯ ಬಲವಿರುವುದು ಅದರ ಜೇಡಿಯಲ್ಲಿ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗುವ ಈ ಜೇಡಿಯು ಬೇಸಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕುಗಳನ್ನು ಬಿಡುವುದು. ಮುಂಗಾರಿನ ಮೊದಲ ಮಳೆಯು ಆ ಬಿರುಕುಗಳಲ್ಲಿ ಧಾರಾಳವಾಗಿ ಇಳಿಯುವುದು. ಬಿರುಕು ಮುಚ್ಚಿತೆಂದರೆ ನೀರು ಇಳಿಯುವುದು ಬಹಳ ಮಂದ, ಹೆಚ್ಚಾದುದು ಮಣ್ಣನ್ನೂ ಎಳೆದುಕೊಂಡು ಹರಿದುಹೋಗುವುದು. ಮಳೆಗಾಲದಲ್ಲಿ ನೀರುಂಡ ಎರೆಯಲ್ಲಿ ಸಪ್ಟಂಬರ, ಅಕ್ಟೋಬರ ತಿಂಗಳುಗಳಲ್ಲಿ ಬಿತ್ತಿದ ಹಿಂಗಾರಿಯ ಬಿಳಿಜೋಳವು ಆ ಮೇಲೆ ಮಳೆ ಬಾರದಿದ್ದರೂ ಕೂಡಿಟ್ಟ ಹಸಿಯಿಂದಲೇ ತೆನೆ ಕಟ್ಟುವುದು.

ಅಮೇರಿಕದ ಟೆಕ್ಸಾಸ್ ಪ್ರಾಂತದ ಹುಲ್ಲುಬಯಲುಗಳಲ್ಲಿ ಹ್ಯೂಸ್ಟನ್ ಬ್ಲ್ಯಾಕ್ ಎಂಬ ಕರಿಮಣ್ಣು ಮೆತುವಾದ ಸುಣ್ಣಜೇಡಿಯ ಮೇಲೆಯೇ ಹುಟ್ಟಿದೆ. ಉಬ್ಬುವುದರಲ್ಲಿಯೂ ಬಿರಿಯುವುದರಲ್ಲಿಯೂ ಅದು ನಮ್ಮ ಎರೆಯ ಒಡಹುಟ್ಟು. ತಂದೆ ಬೇರೆಯಾದರೂ ಮಕ್ಕಳು ಹೋಲುವುದು ಮಣ್ಣಿನ ಲೋಕದಲ್ಲಿ ಸೋಜಿಗವಲ್ಲ.

ಈಗ ತೋಟದ ಮಾತು. ಇಂಡಿಯ ನಿಂಬೆಯು ಭೌಗೋಳಿಕ ಗುರುತನ್ನು ಪಡೆದು ಹೆಸರಾಗಿದೆ. ದಾಳಿಂಬೆ, ದ್ರಾಕ್ಷಿಗಳೂ ಈ ಕಡೆ ಹಬ್ಬಿವೆ. ನಿಂಬೆಯ ಬೇರು ನಿಂತ ನೀರನ್ನು ತಾಳದು. ಆದುದರಿಂದ ಆಳವಾದ ಎರೆಗಿಂತ ನೀರು ಬಸಿಯುವ ಗರಸುನೆಲವೇ ಅದಕ್ಕೆ ಲೇಸು. ಬಡ ಹೊಲವೆಂದು ತಿರಸ್ಕೃತವಾಗಿದ್ದ ಮಡ್ಡಿಗೆ ಹೀಗೆ ಬೆಲೆ ಬಂದುದು ಗಮನಾರ್ಹ. ಆದರೆ ಸುಣ್ಣ ಮಿತಿಮೀರಿದಲ್ಲಿ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ದಕ್ಕದು. ಎಳೆಯ ಎಲೆಯು ಹಳದಿಗೊಂಡು ನರಗಳು ಮಾತ್ರ ಹಸುರಾಗಿ ಉಳಿದರೆ ಅದು ಈ ಬಾಧೆಯ ಗುರುತು. ಅಂಥಲ್ಲಿ ಇನ್ನಷ್ಟು ನೀರು ಹಾಯಿಸುವುದು ರೋಗವನ್ನು ಹೆಚ್ಚಿಸುವುದೇ ಹೊರತು ನೀಗದು.

ಕಾಲುವೆಯ ನೀರಿನಲ್ಲಿಯೂ ಇದೇ ಎಚ್ಚರ ಬೇಕು. ಆಲಮಟ್ಟಿಯ ಅಣೆಕಟ್ಟಿನಿಂದ ನೀರಾವರಿ ಬಂದಲ್ಲಿ ಬಸಿಗಾಲುವೆಯಿಲ್ಲದೆ ಎರೆಗೆ ನೀರುಣಿಸಿದರೆ ಆಳದ ಉಪ್ಪು ಮೇಲೇರಿ ಹೊಲವು ಸವಳಾಗುವುದು. ಡೋಣಿಯ ನೀರಿನ ಉಪ್ಪುರುಚಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಡ್ಡುಗಳ ವಿಷಯವೂ ಹೀಗೆಯೇ. ೧೯೪೨ರಲ್ಲಿ ಮುಂಬಯಿ ಸರಕಾರವು ಜಮೀನು ಸುಧಾರಣೆಯ ಕಾಯಿದೆಯನ್ನು ಮಾಡಿದ ತರುವಾಯ ಇಳಿಜಾರಿಗೆ ಅಡ್ಡಲಾಗಿ ಒಡ್ಡು ಹಾಕುವ ಕೆಲಸವು ಭರದಿಂದ ನಡೆಯಿತು. ಮಡ್ಡಿಯಲ್ಲಿ ಅವು ಉಪಕಾರ ಮಾಡಿದವು. ಆಳವಾದ ಎರೆಯಲ್ಲಿ ಮಾತ್ರ ಒಡ್ಡಿನ ಮೇಲುಗಡೆ ನೀರು ನಿಂತು ಬೆಳೆ ಕೊಳೆಯುವುದೂ, ಬೇಸಗೆಯಲ್ಲಿ ಬಿರಿದ ಒಡ್ಡು ಮಳೆಗೆ ಒಡೆಯುವುದೂ ಕಂಡುಬಂದಿತು.

ಹೊಲದ ಅಡಿಯಲ್ಲಿ ಏನಿದೆಯೆಂಬುದನ್ನು ತಿಳಿಯಲು ಆಳುದ್ದದ ಒಂದು ಗುಂಡಿ ಸಾಕು. ತಳದಿಂದ ತೆಗೆದ ಕಲ್ಲನ್ನು ಒಡೆದು, ಹೊಸ ಮುಖದ ಮೇಲೆ ನಿಂಬೆಯ ರಸವನ್ನು ಹಿಂಡಿದರೆ ಸುಣ್ಣಶಿಲೆಯು ಸಣ್ಣ ಗುಳ್ಳೆಗಳನ್ನು ಬಿಡುವುದು. ಕರಿಯ ಅಗ್ನಿಶಿಲೆಯು ಸುಮ್ಮನಿರುವುದು. ಹೊರಮೈಗೆ ಅಂಟಿದ ಹರಳು ಮಾತ್ರ ನೊರೆಯೆದ್ದರೆ ಅದನ್ನು ಕಲ್ಲಿನ ಸುಣ್ಣವೆಂದು ಎಣಿಸಬಾರದು.