ಊರು ಬದಲಾದರೆ ಉಸಿರಿನ ಅಂಕಿಯೂ ಬದಲಾದೀತು

ವಿದೇಶದಲ್ಲಿ ದುಡಿಯುವ ಕುಟುಂಬಗಳಿಗೆ ಊರು ಬದಲಾಯಿಸುವುದು ಹೊಸದಲ್ಲ. ದುಬೈನಿಂದ ಲಂಡನ್, ಲಂಡನ್‌ನಿಂದ ಮತ್ತೆ ಬೆಂಗಳೂರು. ಮಕ್ಕಳ ವರ್ಗಾವಣೆ ಪತ್ರ, ಲಸಿಕೆ ಕಾರ್ಡುಗಳನ್ನು ಜೋಪಾನವಾಗಿ ಒಯ್ಯುತ್ತೇವೆ. ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಇದ್ದರೆ ಆ ಕಡತಕ್ಕೆ ಇನ್ನೊಂದು ಸೇರಲೇಬೇಕು: ಶ್ವಾಸಕೋಶ ಪರೀಕ್ಷೆಗಳ ಪೂರ್ಣ ವರದಿ.

ತಂದೆ, ತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆಯಿದು. ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗಿ ಸೋಂಕು ಮರುಕಳಿಸುತ್ತದೆ. ಇದು ಬಿಳಿಯರಿಗೆ ಮಾತ್ರ ಬರುವ ಕಾಯಿಲೆ ಎಂಬ ನಂಬಿಕೆ ಸರಿಯಲ್ಲ. ಭಾರತೀಯ ಮೂಲದ ಮಕ್ಕಳಲ್ಲಿ ಕಡಿಮೆಯಾದರೂ ಇದೆ. ಬ್ರಿಟನ್‌ನಲ್ಲಿ 2007ರಿಂದ ದೇಶದೆಲ್ಲೆಡೆ ನವಜಾತ ಶಿಶುಗಳ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಇದನ್ನು ಪತ್ತೆಹಚ್ಚುತ್ತಾರೆ. ಭಾರತದಲ್ಲಿ ಎಲ್ಲ ಶಿಶುಗಳಿಗೂ ಈ ತಪಾಸಣೆ ಇಲ್ಲ.

ಮಗುವಿಗೆ ಐದಾರು ವರ್ಷವಾದ ಮೇಲೆ ಪ್ರತಿ ಭೇಟಿಯಲ್ಲೂ ಸ್ಪೈರೋಮೆಟ್ರಿ ಮಾಡಿಸುವುದು ರೂಢಿ. ಎದೆ ತುಂಬ ಉಸಿರೆಳೆದು, ಒಂದೇ ರಭಸದಲ್ಲಿ ಕೊಳವೆಗೆ ಊದಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿಯ ಪ್ರಮಾಣಕ್ಕೆ ಎಫ್‌ಇವಿ1 ಎನ್ನುತ್ತಾರೆ. ಇದರ ಅಳತೆ ಲೀಟರಿನಲ್ಲಿ. ಅದೇ ವಯಸ್ಸು, ಎತ್ತರದ ಆರೋಗ್ಯವಂತ ಮಕ್ಕಳ ಅಳತೆಗೆ ಹೋಲಿಸಿ ಶೇಕಡಾವಾರು ಅಂಕಿ ಕೊಡುತ್ತಾರೆ.

ತೊಡಕು ಇರುವುದು ಈ ಹೋಲಿಕೆಯಲ್ಲೇ. ಯಾವ ಮಕ್ಕಳಿಗೆ ಹೋಲಿಸುವುದು? ಹಲವು ದೇಶಗಳಲ್ಲಿ ಬಳಕೆಗೆ ಬಂದ 2012ರ ಗ್ಲೋಬಲ್ ಲಂಗ್ ಫಂಕ್ಷನ್ ಇನಿಶಿಯೇಟಿವ್ ಕೋಷ್ಟಕದಲ್ಲಿ ಭಾರತೀಯರಿಗೆ ಪ್ರತ್ಯೇಕ ಗುಂಪೇ ಇರಲಿಲ್ಲ. ಕೆಲವೆಡೆ ನಮ್ಮ ಮಕ್ಕಳನ್ನು ‘ಇತರೆ’ ಗುಂಪಿಗೆ ಸೇರಿಸಿದರೆ, ಕೆಲವೆಡೆ ಬಿಳಿಯರ ಅಳತೆಗೇ ಹೋಲಿಸುತ್ತಾರೆ. ಜನಾಂಗವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದ ಹೊಸ ಕೋಷ್ಟಕವೂ ಈಗ ಬಂದಿದೆ.

ಉದಾಹರಣೆಗೆ, ಮಗು ಊದಿದ್ದು 1.4 ಲೀಟರ್ ಎಂದಿಟ್ಟುಕೊಳ್ಳಿ. ಒಂದು ಆಸ್ಪತ್ರೆಯ ಕೋಷ್ಟಕದಲ್ಲಿ ನಿರೀಕ್ಷಿತ ಅಳತೆ 1.6 ಲೀಟರ್ ಇದ್ದರೆ ಫಲಿತಾಂಶ ಶೇ 88ರಷ್ಟಾಗುತ್ತದೆ. ಇನ್ನೊಂದರಲ್ಲಿ 1.75 ಲೀಟರ್ ಇದ್ದರೆ ಅದೇ ಉಸಿರು ಶೇ 80. ಊರು ಬದಲಿಸಿದ ಕೂಡಲೇ ಅಂಕಿ ಇಳಿದರೆ ಕಾಯಿಲೆ ಹೆಚ್ಚಾಯಿತೆಂದು ಗಾಬರಿಯಾಗುವುದು ಸಹಜ. ಅಂಕಿ ಏರಿದರೆ ಇನ್ನೂ ಅಪಾಯ. ನಿಜವಾದ ಕುಸಿತ ಅದರಡಿ ಮುಚ್ಚಿಹೋದೀತು.

ಆದ್ದರಿಂದ ವರದಿಯಲ್ಲಿ ಶೇಕಡಾ ಮಾತ್ರವಲ್ಲ, ಲೀಟರ್, ಅಂದಿನ ಎತ್ತರ, ಬಳಸಿದ ಕೋಷ್ಟಕದ ಹೆಸರು ಇರಲಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಬೆಳೆಯುವ ಮಗುವಿನ ಲೀಟರ್ ಲೆಕ್ಕ ವರ್ಷದಿಂದ ವರ್ಷಕ್ಕೆ ಏರಬೇಕು. ಎತ್ತರ ಹೆಚ್ಚಿಯೂ ಲೀಟರ್ ನಿಂತಲ್ಲೇ ನಿಂತಿದ್ದರೆ ಅದು ಹಿನ್ನಡೆಯೇ.

ಎಫ್‌ಇವಿ1 ಚೆನ್ನಾಗಿದೆಯೆಂದ ಮಾತ್ರಕ್ಕೆ ಎಲ್ಲವೂ ಸರಿಯಿದೆ ಎಂದಲ್ಲ. ಸಣ್ಣ ಶ್ವಾಸನಾಳಗಳ ತೊಂದರೆ ಅದರಲ್ಲಿ ತಡವಾಗಿ ಕಾಣುತ್ತದೆ. ಲಂಗ್ ಕ್ಲಿಯರೆನ್ಸ್ ಇಂಡೆಕ್ಸ್ ಎಂಬ ಪರೀಕ್ಷೆ ಅದನ್ನು ಬೇಗ ತೋರಿಸಬಲ್ಲದು. ಮಗು ಸಹಜವಾಗಿ ಉಸಿರಾಡುತ್ತಿದ್ದರೆ ಸಾಕು, ಜೋರಾಗಿ ಊದಬೇಕಿಲ್ಲ. ಆದರೆ ಎಲ್ಲ ಆಸ್ಪತ್ರೆಗಳಲ್ಲೂ ಈ ಸೌಲಭ್ಯವಿಲ್ಲ.

ಕೋವಿಡ್ ಕಾಲದಿಂದ ಮನೆಯಲ್ಲೇ ಊದುವ ಪುಟ್ಟ ಸ್ಪೈರೋಮೀಟರ್‌ಗಳ ಬಳಕೆ ಹೆಚ್ಚಿದೆ. ಅದರ ಅಂಕಿ ಆಸ್ಪತ್ರೆಯ ಅಂಕಿಗೆ ಸರಿಹೊಂದಲೇಬೇಕೆಂದಿಲ್ಲ. ಮನೆಯದನ್ನು ಮನೆಯದಕ್ಕೇ ಹೋಲಿಸಿ ನೋಡಿ. ಮಗುವಿನ ಎಂದಿನ ಮಟ್ಟಕ್ಕಿಂತ ಹತ್ತರಲ್ಲಿ ಒಂದು ಪಾಲು ಇಳಿದರೆ ವೈದ್ಯರಿಗೆ ತಿಳಿಸಿ. ಅಂಕಿ ಇಳಿಯದಿದ್ದರೂ ಕೆಮ್ಮು, ಕಫ ಹೆಚ್ಚಿದರೆ ಕಾಯಬೇಡಿ.

ರಜೆಗೆ ಬರುವ ಮೊಮ್ಮಗುವಿಗಾಗಿ ಕಾದಿರುವ ಅಜ್ಜ, ಅಜ್ಜಿಯರಿಗೂ ಒಂದು ಮಾತು. ಈ ಮಗುವಿನ ಕೆಮ್ಮನ್ನು ‘ನೀರು ಬದಲಾಗಿದೆ, ಎರಡು ದಿನದಲ್ಲಿ ಹೋಗುತ್ತೆ’ ಎಂದು ತಳ್ಳಿಹಾಕಬೇಡಿ. ಊದುವ ಉಪಕರಣವೂ ವರದಿಯ ಪ್ರತಿಯೂ ಮಗುವಿನ ಜೊತೆಗೇ ಬರಲಿ. ಇಲ್ಲಿ ತುರ್ತಾಗಿ ನೋಡುವ ವೈದ್ಯರಿಗೆ ಮಗುವಿನ ಎಂದಿನ ಉಸಿರು ಎಷ್ಟೆಂದು ತಿಳಿಯಲು ಬೇರೆ ದಾರಿಯಿಲ್ಲ.