ಒಗರು ಇಳಿಯಲು ಗಾಳಿ ಸಾಕೇ?

ತರೀಕೆರೆ ಸೀಮೆಯಲ್ಲಿ ಅಡಿಕೆ ಬೇಯಿಸುವ ದಿನಗಳಲ್ಲಿ ಹಂಡೆಯಲ್ಲಿ ಉಳಿಯುವ ಮಂದವಾದ ಕೆಂಪು ರಸಕ್ಕೆ ಚೊಗರು ಎನ್ನುತ್ತಾರೆ. ಸುಲಿದ ಹಸಿ ಅಡಿಕೆಯನ್ನು ಅದೇ ನೀರಿನಲ್ಲಿ ಒಂದಾದ ಮೇಲೊಂದು ಸಲ ಬೇಯಿಸಿದಷ್ಟೂ ರಸ ಗಟ್ಟಿಯಾಗುತ್ತ, ಕಪ್ಪಗಾಗುತ್ತ ಹೋಗುತ್ತದೆ. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದರೆ ಸಾಕು, ಬಾಯಿ ಹಿಡಿದುಕೊಳ್ಳುತ್ತದೆ. ಕೆನ್ನೆಯ ಒಳಗೋಡೆ ಒರಟಾಗಿ, ಜೊಲ್ಲು ಬತ್ತಿದಂತಾಗುತ್ತದೆ.

ಕಳೆದ ಏಪ್ರಿಲ್‌ನಲ್ಲಿ ಕಡೂರಿನ ನಮ್ಮ ಮನೆಗೆ ಭಾವ ಬಂದಿದ್ದರು. ಅವರದು ತರೀಕೆರೆ ಕಡೆ ಅಡಿಕೆ ತೋಟ. ಊಟಕ್ಕೆ ಮುಂಚೆ ಒಂದು ಕೆಂಪು ವೈನ್ ಬಾಟಲಿ ತೆಗೆದೆ. ಬೆಲೆ ಕಡಿಮೆಯದ್ದೇನಲ್ಲ, ಹೆಸರಿದ್ದ ಬಾಟಲಿ. ಭಾವ ಒಂದು ಗುಟುಕು ಕುಡಿದು ಮುಖ ಕಿವುಚಿದರು: "ಏನಯ್ಯಾ ಇದು, ಚೊಗರು ನೆಕ್ಕಿದಂಗಾಯ್ತು."

"ಸ್ವಲ್ಪ ತಡೀರಿ ಭಾವ, ಗಾಳಿಗೆ ಇಟ್ಟರೆ ಸರಿಹೋಗುತ್ತೆ" ಎಂದೆ. ಗಾಜಿನ ಜಗ್ಗಿಗೆ ಬಗ್ಗಿಸಿಟ್ಟೆವು. ಒಂದು ಗಂಟೆ ಕಳೆಯಿತು, ಎರಡು ಗಂಟೆಯೂ ಕಳೆಯಿತು. ಊಟ ಮುಗಿದು ಎಲೆ ಎತ್ತಿದರೂ ಅದು ಹಾಗೇ ಇತ್ತು. "ಇನ್ನೆಷ್ಟು ಹೊತ್ತು ಇಡ್ತೀಯಪ್ಪಾ?" ಎಂದು ಭಾವ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಉತ್ತರ ಹುಡುಕಿ ಹೊರಟದ್ದೇ ಈ ಅಧ್ಯಾಯ.

ವೈನನ್ನು ಬಾಟಲಿಯಿಂದ ಇನ್ನೊಂದು ಪಾತ್ರೆಗೆ ಬಗ್ಗಿಸುವ ಪದ್ಧತಿಗೆ ಮೊದಲಿದ್ದ ಕಾರಣ ಗಾಳಿಯಲ್ಲ, ಗಸಿ. ವರ್ಷಗಟ್ಟಲೆ ಇಟ್ಟ ಕೆಂಪು ವೈನಿನ ತಳದಲ್ಲಿ ಬಣ್ಣ ಮತ್ತು ಒಗರಿನ ಅಂಶ ಗಸಿಯಾಗಿ ಕೂರುತ್ತದೆ. ಬಾಟಲಿಯ ಕತ್ತಿನ ಹಿಂದೆ ಮೇಣದಬತ್ತಿ ಹಚ್ಚಿಟ್ಟುಕೊಂಡು ತಿಳಿಯನ್ನು ಮೆಲ್ಲಗೆ ಬಗ್ಗಿಸಿ, ಗಸಿ ಕತ್ತಿನವರೆಗೆ ಬಂದ ಕೂಡಲೇ ನಿಲ್ಲಿಸುತ್ತಿದ್ದರು. ಬಗ್ಗಡದ ನೀರನ್ನು ತಿಳಿಯಾಗಲು ಬಿಟ್ಟು ಮೇಲಿನದನ್ನಷ್ಟೇ ತೆಗೆದುಕೊಳ್ಳುವ ನಮ್ಮ ಕ್ರಮವೂ ಅದೇ. ಗಾಳಿ ತಾಗಿಸಿದರೆ ರುಚಿ ಸುಧಾರಿಸುತ್ತದೆ ಎಂಬ ನಂಬಿಕೆ ಇದರ ಜೊತೆ ಸೇರಿಕೊಂಡಿತು. ಬೋರ್ಡೋದಲ್ಲಿ ಆಯುಷ್ಯವೆಲ್ಲ ವೈನನ್ನೇ ಅಧ್ಯಯನ ಮಾಡಿದ ಎಮಿಲ್ ಪೇನೋ (1912–2004) ಈ ನಂಬಿಕೆಯನ್ನು ಒಪ್ಪಲಿಲ್ಲ. ಗಸಿ ಇದ್ದರೆ ಮಾತ್ರ ಬಗ್ಗಿಸಿ, ಅದೂ ಬಡಿಸುವ ಸ್ವಲ್ಪ ಮುಂಚೆ ಬಗ್ಗಿಸಿ, ದೋಷವಿಲ್ಲದ ವೈನಿಗೆ ಹೆಚ್ಚು ಗಾಳಿ ನಷ್ಟವೇ ಎಂಬುದು ಅವರ ನಿಲುವು.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಬಿಡೋಣ. ಮುಚ್ಚಳ ತೆಗೆದು ಬಾಟಲಿಯನ್ನು ಹಾಗೇ ಇಟ್ಟರೆ ಏನೂ ಆಗುವುದಿಲ್ಲ. ಬಾಟಲಿಯ ಕತ್ತಿನ ಒಳ ಅಗಲ ಎರಡು ಸೆಂಟಿಮೀಟರಿಗಿಂತ ಕಡಿಮೆ, ಒಂದು ರೂಪಾಯಿ ನಾಣ್ಯದಷ್ಟೂ ಇಲ್ಲ. ಅದೇ ವೈನನ್ನು 20 ಸೆಂಟಿಮೀಟರ್ ಅಗಲದ ಗಾಜಿನ ಪಾತ್ರೆಗೆ ಸುರಿದರೆ ಗಾಳಿಗೆ ತೆರೆದುಕೊಳ್ಳುವ ಮೈ ನೂರು ಪಟ್ಟಿಗೂ ಹೆಚ್ಚಾಗುತ್ತದೆ. ಸುರಿಯುವುದೇ ಇನ್ನೂ ದೊಡ್ಡ ಕೆಲಸ. ಕಾಫಿಯನ್ನು ಲೋಟದಿಂದ ಲೋಟಕ್ಕೆ ಎತ್ತಿ ಹೊಯ್ಯುವಾಗ ನೊರೆ ಏಳುತ್ತದಲ್ಲ, ಆಗ ಗಾಳಿ ಒಳಗೆ ಸೇರುತ್ತಿರುತ್ತದೆ. ವೈನ್ ಹೀರಿಕೊಳ್ಳಬಲ್ಲ ಆಮ್ಲಜನಕವಾದರೂ ಎಷ್ಟು? 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ. ಕೆಲವು ಸಲ ಎತ್ತಿ ಸುರಿದರೆ ಅದರಲ್ಲಿ ಒಳ್ಳೆಯ ಪಾಲು ಒಳಗೆ ಹೋಗಿರುತ್ತದೆ. ಅಮೆರಿಕದ ನೇಥನ್ ಮಿರ್‌ವೋಲ್ಡ್ ಎಂಬವರು ವೈನನ್ನು ಮಿಕ್ಸಿಗೇ ಹಾಕಿ ತಿರುಗಿಸಿ ತೋರಿಸಿದ್ದೂ ಇದೇ ತರ್ಕದಿಂದ: ಗಾಳಿ ಸೇರಿಸಬೇಕಿದ್ದರೆ ಅದಕ್ಕೆ ಗಂಟೆಗಳು ಬೇಡ, ಅರ್ಧ ನಿಮಿಷ ಸಾಕು.

ಹಾಗಾದರೆ ಒಗರು ಯಾಕೆ ಇಳಿಯಲಿಲ್ಲ? ಅಡಿಕೆಯ ಚೊಗರಿನಲ್ಲೂ ದ್ರಾಕ್ಷಿಯ ಸಿಪ್ಪೆ, ಬೀಜಗಳಲ್ಲೂ ಇರುವುದು ಒಂದೇ ಕುಲದ ಟ್ಯಾನಿನ್. ನಮ್ಮ ಜೊಲ್ಲಿನಲ್ಲಿ ಬಾಯಿಯನ್ನು ನುಣುಪಾಗಿಡುವ ಪ್ರೋಟೀನುಗಳಿವೆ. ಟ್ಯಾನಿನ್ ಹೋಗಿ ಅವುಗಳಿಗೆ ಅಂಟಿಕೊಂಡು ಗಂಟುಕಟ್ಟಿಸುತ್ತದೆ. ನುಣುಪು ಹೋದ ಬಾಯಿಗೆ ನಾಲಿಗೆ ಉಜ್ಜಿದಂತಾಗುವುದನ್ನು ನಾವು ಒಗರು ಎನ್ನುತ್ತೇವೆ. ಕನ್ನಡದಲ್ಲಿ ಇದು ಹುಳಿ, ಕಹಿಗಳ ಸಾಲಿಗೆ ಸೇರಿದ ರುಚಿ; ವಿಜ್ಞಾನದ ಲೆಕ್ಕದಲ್ಲಿ ರುಚಿಗಿಂತ ಹೆಚ್ಚಾಗಿ ಸ್ಪರ್ಶ. ಗಾಳಿಯ ಆಮ್ಲಜನಕ ಈ ಟ್ಯಾನಿನ್ನನ್ನು ಬದಲಿಸುತ್ತದೆ, ನಿಜ. ಆದರೆ ಆ ಕೆಲಸ ನಡೆಯುವುದು ಬಹಳ ನಿಧಾನವಾಗಿ, ಪೀಪಾಯಿಯಲ್ಲಿ ತಿಂಗಳುಗಟ್ಟಲೆ, ಬಾಟಲಿಯಲ್ಲಿ ವರ್ಷಗಟ್ಟಲೆ. ಊಟದ ಮೇಜಿನ ಮೇಲೆ ಎರಡು ಗಂಟೆಯಲ್ಲಿ ಅದು ಮುಗಿಯುವಂಥದ್ದಲ್ಲ. ಮಾಗದ ಬಾಳೆಕಾಯಿಯನ್ನು ಸುಲಿದು ತಟ್ಟೆಯಲ್ಲಿಟ್ಟು ಕಾದರೆ ಹಣ್ಣಾದೀತೇ?

ಆದರೂ ಗಾಳಿಗಿಟ್ಟ ವೈನ್ ಮೆತ್ತಗಾಯಿತು ಎಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಎಳೆಯ ವೈನಿನಲ್ಲಿ ಹುದುಗುವಾಗ ಹುಟ್ಟಿದ ಇಂಗಾಲದ ಡೈಆಕ್ಸೈಡ್ ಸ್ವಲ್ಪ ಉಳಿದಿರುತ್ತದೆ. ನಾಲಿಗೆಗೆ ಸಣ್ಣಗೆ ಚುಚ್ಚುವ ಆ ಅನಿಲ ಒಗರನ್ನು ಎತ್ತಿ ತೋರಿಸುತ್ತದೆ. ಕುಲುಕಿದರೆ ಅದು ಹಾರಿಹೋಗುತ್ತದೆ. ಇನ್ನೊಂದು ಕಾರಣ ವಾಸನೆ. ಗಾಳಿಯ ನಿಜವಾದ ಉಪಕಾರ ಇರುವುದು ಇಲ್ಲೇ.

ಹುದುಗಿಸುವ ಯೀಸ್ಟಿಗೆ ಸಾರಜನಕದ ಆಹಾರ ಸಾಲದೆ ಹೋದರೆ ಅದು ಹೈಡ್ರೋಜನ್ ಸಲ್ಫೈಡ್ ಹುಟ್ಟಿಸುತ್ತದೆ. ಕೊಳೆತ ಮೊಟ್ಟೆಯ ನಾತ ಅದು. ಲೀಟರಿಗೆ ಒಂದೆರಡು ಮೈಕ್ರೋಗ್ರಾಂ ಇದ್ದರೂ ಮೂಗು ಹಿಡಿದುಬಿಡುತ್ತದೆ. ಗಾಳಿಯಾಡದ ಬಾಟಲಿಯಲ್ಲಿ ಅದು ಒಳಗೇ ಉಳಿಯುತ್ತದೆ. ತಿರುಪಿನ ಮುಚ್ಚಳದ ಬಾಟಲಿಗಳಲ್ಲಿ ಇದು ಕೊಂಚ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಬಾಟಲಿ ತೆಗೆದ ಕೂಡಲೇ ಗೀರಿದ ಬೆಂಕಿಕಡ್ಡಿ, ಮೊಟ್ಟೆ, ಕೊಚ್ಚೆಯ ವಾಸನೆ ಬಂದರೆ ಎದೆಗುಂದಬೇಡಿ. ಎತ್ತಿ ಸುರಿಯಿರಿ. ಹತ್ತಿಪ್ಪತ್ತು ನಿಮಿಷದಲ್ಲಿ ನಾತ ಹೋಗಿ, ಅದರಡಿ ಮುಚ್ಚಿಹೋಗಿದ್ದ ಹಣ್ಣಿನ ಪರಿಮಳ ಮೇಲೆ ಬರುತ್ತದೆ. ಇದರ ಬಂಧುಗಳಾದ ಮರ್ಕ್ಯಾಪ್ಟನ್ನುಗಳು ಮಾತ್ರ ಹಟಮಾರಿಗಳು. ಅಡುಗೆ ಅನಿಲ ಸೋರಿದರೆ ಗೊತ್ತಾಗಲಿ ಎಂದು ಸಿಲಿಂಡರಿಗೆ ಸೇರಿಸುವ ವಾಸನೆ ಈ ಜಾತಿಯದ್ದೇ. ಗಾಳಿ ತಾಗಿದರೆ ಇವು ಇನ್ನೊಂದು ರೂಪ ತಾಳಿ ಕೊಂಚ ಅಡಗುತ್ತವೆ, ಪೂರಾ ಹೋಗುವುದಿಲ್ಲ. ಇವಕ್ಕೆ ತಾಮ್ರ ಮದ್ದು. ಚೊಕ್ಕವಾಗಿ ಉಜ್ಜಿ ತೊಳೆದ ತಾಮ್ರದ ತುಂಡೊಂದನ್ನು ಲೋಟದಲ್ಲಿ ಒಂದು ನಿಮಿಷ ಆಡಿಸಿ ತೆಗೆದು ಮೂಸಿ ನೋಡಿ; ವಾಸನೆ ಇಳಿದಿದ್ದರೆ ದೋಷ ಗಂಧಕದ್ದೇ ಎಂದು ತಿಳಿಯಿತು. ಆದರೆ ವೈನನ್ನು ತಾಮ್ರದ ಪಾತ್ರೆಯಲ್ಲಿ ಹಾಕಿಡಲೇಬಾರದು. ಕಲಾಯಿ ಇಲ್ಲದ ಪಾತ್ರೆಯಲ್ಲಿ ಹುಳಿ ಇಡಬಾರದೆಂದು ಮನೆಯ ಹಿರಿಯರು ಹೇಳುವ ಮಾತು ಇಲ್ಲೂ ಸಲ್ಲುತ್ತದೆ, ವೈನ್ ಹುಳಿಯೇ. ಸ್ಟೀಲ್ ಪಾತ್ರೆಯಾದರೆ ತೊಂದರೆಯಿಲ್ಲ, ಬಹಳಷ್ಟು ವೈನ್ ತಯಾರಾಗುವುದೂ ಸ್ಟೀಲ್ ತೊಟ್ಟಿಗಳಲ್ಲೇ.

ಗಾಳಿಯಿಂದ ವಾಸಿಯಾಗದ ದೋಷಗಳೇ ಹೆಚ್ಚು. ಒದ್ದೆ ರಟ್ಟಿನ ಮುಗ್ಗುಲು ವಾಸನೆ ಬಂದರೆ ಅದು ಕಾರ್ಕಿನ ದೋಷ. ಅದಕ್ಕೆ ಕಾರಣವಾದ ಟ್ರೈಕ್ಲೋರೋಅನಿಸೋಲ್ ಎಂಬ ವಸ್ತು ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ವೈನ್ ಕೆಡುತ್ತದೆ, ಎಷ್ಟು ಹೊತ್ತು ಇಟ್ಟರೂ ಹೋಗುವುದಿಲ್ಲ. ವಿನೆಗರ್ ಹುಳಿ, ಉಗುರುಬಣ್ಣ ಅಳಿಸುವ ದ್ರಾವಣದ ವಾಸನೆ ಬಂದರೆ ಅಸಿಟಿಕ್ ಬ್ಯಾಕ್ಟೀರಿಯಾ ಕೆಲಸ ಮಾಡಿದೆ ಎಂದರ್ಥ. ಅದಕ್ಕೆ ಬೇಕಾದ್ದೇ ಗಾಳಿ, ನಾವಾಗಿ ಕೊಡುವುದು ಬೇಡ. ಕುಯ್ದಿಟ್ಟ ಸೇಬಿನಂತೆ ಕಂದಿದ ಬಣ್ಣ, ವಾಸನೆ ಇದ್ದರೆ ಅದು ಈಗಾಗಲೇ ಗಾಳಿ ತಿಂದದ್ದು. ಹಸಿ ದಪ್ಪಮೆಣಸಿನಕಾಯಿಯ ವಾಸನೆ ಬಂದರೆ ಹಣ್ಣು ಪೂರ್ತಿ ಮಾಗುವ ಮುಂಚೆಯೇ ಕೊಯ್ದಿದ್ದಾರೆ.

ಈ ಕೊನೆಯದನ್ನು ನಮ್ಮ ನಾಡಿನ ಮಟ್ಟಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಮಗ್ಗುಲಲ್ಲಿ ಗ್ರೋವರ್ ಕುಟುಂಬ ಫ್ರಾನ್ಸಿನ ತಳಿಗಳನ್ನು ತಂದು ವೈನ್ ತೋಟ ಕಟ್ಟಲು ಹೊರಟದ್ದು 1988ರ ಸುಮಾರಿಗೆ. ಅದಕ್ಕೆ ಮುಂಚೆ ನಮ್ಮಲ್ಲಿ ವೈನಿಗೆ ದ್ರಾಕ್ಷಿ ಎಂದರೆ ಹೆಚ್ಚಾಗಿ ಬೆಂಗಳೂರು ನೀಲಿ, ಅದರಿಂದಾಗುತ್ತಿದ್ದದ್ದು ಸಿಹಿ ಪೋರ್ಟ್. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು, ದ್ರಾಕ್ಷಾರಸ ಮಂಡಳಿ ಬಂತು. ಇಂದು ಹಂಪಿಯ ಆಸುಪಾಸಿನ ಬಂಡೆಗುಡ್ಡಗಳಲ್ಲೂ ಕ್ಯಾಬರ್ನೆ ಸುವಿನ್ಯೊನ್ ಬೆಳೆಯುತ್ತದೆ. ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಮಲಗುತ್ತದೆ, ನಮ್ಮಲ್ಲಿ ಮಲಗುವುದೇ ಇಲ್ಲ. ವರ್ಷಕ್ಕೆ ಎರಡು ಸಲ ಚಾಟನಿ ಮಾಡಿ, ಬೇಸಿಗೆಯ ಬಾಯಲ್ಲಿ ಕೊಯ್ಯಬೇಕು. ಬಿಸಿಲಿಗೆ ಸಕ್ಕರೆ ಬೇಗ ಏರುತ್ತದೆ, ಹುಳಿ ಬೇಗ ಇಳಿಯುತ್ತದೆ, ಸಿಪ್ಪೆ ಬೀಜದ ಟ್ಯಾನಿನ್ ಮಾತ್ರ ತನ್ನ ಗತಿಯಲ್ಲೇ ಮಾಗುತ್ತದೆ. ಹುಳಿ ಉಳಿಸಿಕೊಳ್ಳಲು ಬೇಗ ಕೊಯ್ದರೆ ಒಗರು ಹಸಿಯಾಗಿ ಉಳಿಯುತ್ತದೆ. ಈ ಇಕ್ಕಟ್ಟಿನ ನಡುವೆಯೂ ನಮ್ಮವರು ಒಳ್ಳೆಯ ಕೆಂಪು ವೈನ್ ಮಾಡುತ್ತಿರುವುದನ್ನು ನಾನು ಸಣ್ಣ ಸಾಧನೆ ಎಂದುಕೊಂಡಿಲ್ಲ.

ಭಾವ ಮತ್ತೆ ಬಂದಾಗ ಅದೇ ವೈನಿನ ಎರಡು ಬಾಟಲಿ ತಂದಿಟ್ಟಿದ್ದೆ. ಒಂದನ್ನು ಮಧ್ಯಾಹ್ನ ಹನ್ನೆರಡಕ್ಕೇ ಜಗ್ಗಿಗೆ ಸುರಿದೆ. ಇನ್ನೊಂದನ್ನು ಸಂಜೆ ಆರಕ್ಕೆ ತೆಗೆದು, ಒಂದು ಲೋಟವನ್ನು ಹಾಗೇ ಇಟ್ಟೆ, ಒಂದನ್ನು ನಾಲ್ಕು ಸಲ ಎತ್ತಿ ಹೊಯ್ದೆ, ಹಾಗೇ ಹೊಯ್ದ ಇನ್ನೊಂದನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟೆ. ಲೋಟಗಳ ತಳಕ್ಕೆ ಚೀಟಿ ಅಂಟಿಸಿ, ಜಾಗ ಅದಲುಬದಲು ಮಾಡಿ ಕೊಟ್ಟವಳು ನನ್ನ ಹೆಂಡತಿ. ಫೋಟೋ ತೊಳೆಯುತ್ತಿದ್ದ ಕಾಲದ ಹಳೆಯ ಥರ್ಮಾಮೀಟರ್ ಒಂದು ಮನೆಯಲ್ಲಿತ್ತು. ಕೋಣೆಯಲ್ಲಿದ್ದ ವೈನ್ 31 ಡಿಗ್ರಿ, ಫ್ರಿಜ್ಜಿನಿಂದ ಬಂದದ್ದು 18.

ಆರು ಗಂಟೆ ಗಾಳಿಗಿದ್ದದ್ದನ್ನು ಇಬ್ಬರೂ ಮೊದಲ ಗುಟುಕಿಗೇ ಪಕ್ಕಕ್ಕಿಟ್ಟೆವು. ಹಣ್ಣಿನ ವಾಸನೆ ಹಾರಿಹೋಗಿತ್ತು, ಒಗರು ಅಷ್ಟೇ ಇತ್ತು. ಹೊಯ್ಯದೆ ಹಾಗೇ ಇಟ್ಟದ್ದಕ್ಕೆ ಬೆಂಕಿಕಡ್ಡಿಯ ಕಮಟು ಇತ್ತು. ಎತ್ತಿ ಹೊಯ್ದದ್ದರಲ್ಲಿ ಆ ಕಮಟು ಇರಲಿಲ್ಲ, ಆದರೆ ಗಂಟಲಿಗಿಳಿಯುವಾಗ ಉರಿ. ಇಬ್ಬರೂ ಆರಿಸಿಕೊಂಡದ್ದು ತಣ್ಣಗಿದ್ದ ಲೋಟವನ್ನೇ. ನೇರಳೆಹಣ್ಣಿನ ವಾಸನೆ ಅದರಲ್ಲಿ ಸ್ಪಷ್ಟವಾಗಿತ್ತು, ಉರಿ ಇರಲಿಲ್ಲ.

ಕೆಂಪು ವೈನನ್ನು ಕೋಣೆಯ ಶಾಖದಲ್ಲಿ ಕೊಡಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಕಲ್ಲಿನ ಮನೆಗಳಲ್ಲಿ ಹುಟ್ಟಿದ್ದು. ಅಲ್ಲಿ ಕೋಣೆ ಎಂದರೆ 16–18 ಡಿಗ್ರಿ. ಬಾಬಾಬುಡನ್ ಗಿರಿಯ ಮೇಲೆ ಎಷ್ಟೇ ತಂಪಿರಲಿ, ಕೆಳಗೆ ಬಯಲಿನಲ್ಲಿರುವ ಕಡೂರು, ಅಜ್ಜಂಪುರಗಳ ಬೇಸಿಗೆ ಅದಲ್ಲ. 30 ಡಿಗ್ರಿ ದಾಟಿದ ವೈನಿನಲ್ಲಿ ಆಲ್ಕೋಹಾಲ್ ಆವಿಯೇ ಮೂಗಿಗೆ ಮೊದಲು ಹೊಡೆಯುತ್ತದೆ, ಉಳಿದದ್ದೆಲ್ಲ ಅದರ ಹಿಂದೆ ಅಡಗುತ್ತದೆ. ಅಂಥದ್ದನ್ನು ಇನ್ನೂ ಮೂರು ಗಂಟೆ ಅದೇ ಸೆಕೆಯಲ್ಲಿ ಜಗ್ಗಿನಲ್ಲಿಡುವುದು ಎಂದರೆ ಕೆಡಿಸುವುದೇ. ಹಾಗೆ ಇಟ್ಟರೆ ಆಲ್ಕೋಹಾಲ್ ಹಾರಿ ಹಗುರಾಗುತ್ತದೆ ಎಂದು ನಂಬುವವರೂ ಇದ್ದಾರೆ. ಆ ಕೆಲವು ಗಂಟೆಗಳಲ್ಲಿ ಹೋಗುವ ಆಲ್ಕೋಹಾಲ್ ಲೆಕ್ಕಕ್ಕೇ ಸಿಗುವುದಿಲ್ಲ. ಕುಡಿದವರು ಗಾಡಿ ಹತ್ತಬಾರದು ಎಂಬುದು ಗಾಳಿಗಿಟ್ಟ ವೈನಿಗೂ ಅಷ್ಟೇ ಅನ್ವಯ.

ತಣ್ಣಗೆ ಮಾಡಿದ ಲೋಟದಲ್ಲೂ ಒಗರು ಮಾತ್ರ ಹೋಗಿರಲಿಲ್ಲ. ತಂಪಿನಲ್ಲಿ ಅದು ಕೂದಲೆಳೆಯಷ್ಟು ಹೆಚ್ಚೇ ಕಾಣುತ್ತದೆ. ಅದನ್ನು ಇಳಿಸಿದ್ದು ಮಟನ್ ಚಾಪ್ಸ್. ಮಾಂಸ ಕಡಿದು ಒಂದು ಗುಟುಕು ಕುಡಿದ ಭಾವ ಏನೂ ಹೇಳದೆ ಲೋಟ ಮುಂದೆ ಚಾಚಿದರು. ಟ್ಯಾನಿನ್ನಿಗೆ ಅಂಟಿಕೊಳ್ಳಲು ಪ್ರೋಟೀನ್ ಬೇಕು. ಅದು ತಟ್ಟೆಯಲ್ಲೇ ಸಿಕ್ಕರೆ ಜೊಲ್ಲಿನ ಪ್ರೋಟೀನನ್ನು ಬಿಟ್ಟುಬಿಡುತ್ತದೆ. ಕಡಕ್ ಚಹಾಕ್ಕೆ ಹಾಲು ಬೆರೆತಾಗ ಒಗರು ಇಳಿಯುವುದೂ ಹೀಗೇ. ಮಾಂಸ ತಿನ್ನದವರಿಗೆ ಪನೀರು, ಚೀಸು ಅದೇ ಕೆಲಸ ಮಾಡುತ್ತವೆ. ಖಾರ ಮಾತ್ರ ಕಡಿಮೆ ಇರಲಿ, ಅದು ಆಲ್ಕೋಹಾಲಿನ ಉರಿಯನ್ನು ಹೆಚ್ಚಿಸುತ್ತದೆ.

ಹಾಗಾಗಿ ಬಾಟಲಿ ಬೇಸರ ತರಿಸಿದರೆ ಮೊದಲು ಮೂಸಿ, ಆಮೇಲೆ ಎಷ್ಟು ಬಿಸಿಯಿದೆ ಎಂದು ಮುಟ್ಟಿ ನೋಡಿ. ನಾಲ್ಕು ಸಲ ಎತ್ತಿ ಹೊಯ್ದು, ಅರ್ಧ ಗಂಟೆ ತಣ್ಣಗಿಟ್ಟು, ಊಟದ ಜೊತೆ ಕುಡಿದು ನೋಡಿ. ಒಂದು ಗಂಟೆಯಲ್ಲಿ ಏಳದ ವೈನ್ ಆರು ಗಂಟೆಗೂ ಏಳುವುದಿಲ್ಲ ಎಂಬುದು ನನ್ನ ತೀರ್ಮಾನ. ಬಹಳ ಹಳೆಯ ಬಾಟಲಿಯಾದರೆ ಆ ಒಂದು ಗಂಟೆಯೂ ಅಪಾಯ. ಅದರ ಪರಿಮಳ ಕಣ್ಣೆದುರೇ ಇಳಿದುಹೋಗುತ್ತದೆ.

ಇನ್ನು ಕೊಳ್ಳುವ ವಿಚಾರ. ನಂದಿಯ ತಪ್ಪಲಿನಿಂದ ಕಡೂರಿಗೆ ಬರುವ ಬಾಟಲಿ ಸುಮಾರು ಇನ್ನೂರು ಕಿಲೋಮೀಟರ್ ದೂರ ಲಾರಿಯಲ್ಲಿ ಬಿಸಿಲು ತಿಂದು, ಅಂಗಡಿಯ ಕಪಾಟಿನಲ್ಲಿ ಎಷ್ಟೋ ತಿಂಗಳು ನಿಂತಿರುತ್ತದೆ. ಬೆಂದ ಒಣದ್ರಾಕ್ಷಿಯ ವಾಸನೆ ಹಿಡಿದ ವೈನನ್ನು ಯಾವ ಪಾತ್ರೆಯೂ ಸರಿಮಾಡಲಾರದು. ಕೊಳ್ಳುವಾಗ ಗಾಜಿನ ಮುಂದೆ ಬಿಸಿಲಿಗೆ ಜೋಡಿಸಿಟ್ಟದ್ದು ಬೇಡ, ಒಳಗಿನ ನೆರಳಿನಲ್ಲಿರುವುದನ್ನು ಕೊಡಿ ಎಂದು ಕೇಳಿ. ಮನೆಗೆ ತರುವಾಗ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.